ನಂಬರ್ ಏಳು, ಜೀವ ಒಂದು

ಒಮ್ಮೆ ಲೆಕ್ಕ ಹಾಕೋಣ. ಆಂಬುಲೆನ್ಸ್ ಬೇಕಾದರೆ 108. ಅಗ್ನಿಶಾಮಕದವರು ಬೇಕಾದರೆ 101. ಪೊಲೀಸರಿಗೆ 112. ರಾಷ್ಟ್ರೀಯ ಹೆದ್ದಾರಿಯಲ್ಲಿ ಅಪಘಾತವಾದರೆ 1033. ಸಮುದ್ರದಲ್ಲಿ ಅನಾಹುತವಾದರೆ ಕರಾವಳಿ ಕಾವಲು ಪೊಲೀಸರ 1093. ಕರೆಂಟ್ ತಂತಿ ಕಡಿದು ಬಿದ್ದರೆ ಮೆಸ್ಕಾಂನ 1912. ನೆರೆ ಬಂದರೆ ಜಿಲ್ಲಾಡಳಿತದ 1077.

ಒಟ್ಟು ಏಳು. ಇದರಲ್ಲಿ ನಿಮಗೆ ಎಷ್ಟು ಬಾಯಿಪಾಠ ಇದೆ? ನಿಮ್ಮ ಮನೆಯ ಅಜ್ಜಿಗೆ ಎಷ್ಟು ಗೊತ್ತು? ಅಂಗಳದಲ್ಲಿ ಒಬ್ಬರು ಎಚ್ಚರ ತಪ್ಪಿ ಬಿದ್ದಿದ್ದಾರೆ, ಸುತ್ತ ನಿಂತವರು ಬೊಬ್ಬೆ ಹಾಕುತ್ತಿದ್ದಾರೆ, ಕೈ ನಡುಗುತ್ತಿದೆ. ಆ ಹೊತ್ತಿನಲ್ಲಿ ಇದು ಆರೋಗ್ಯ ಇಲಾಖೆಯ ಕೆಲಸವೋ, ಗೃಹ ಇಲಾಖೆಯ ಕೆಲಸವೋ, ಹೆದ್ದಾರಿ ಪ್ರಾಧಿಕಾರದ ಕೆಲಸವೋ ಎಂದು ಯೋಚಿಸಿ ನಂಬರ್ ಒತ್ತುವವರು ಯಾರಿದ್ದಾರೆ ಮಾರಾಯ್ರೆ?

ಏಳು ನಂಬರ್ ಇರುವುದಕ್ಕೆ ನಮ್ಮ ತಕರಾರಿಲ್ಲ. ಯಾವ ನಂಬರ್ ಒತ್ತಿದರೂ ಬೇಕಾದ ಎಲ್ಲ ಗಾಡಿಗಳು ಒಟ್ಟಿಗೇ ಹೊರಡುತ್ತವೆ ಎಂಬ ಖಾತರಿ ನಮಗಿಲ್ಲ. ತಕರಾರು ಅದಕ್ಕೆ. ಅದರಲ್ಲೂ ಎರಡು ಗಾಡಿಗಳ ಬಗ್ಗೆ ಇಲ್ಲಿ ಹೇಳಬೇಕಾಗಿದೆ. ಒಂದು ಅಗ್ನಿಶಾಮಕದ ಕೆಂಪು ಗಾಡಿ, ಇನ್ನೊಂದು 108ರ ಬಿಳಿ ಗಾಡಿ. ಇವೆರಡರ ನಡುವೆ ಇರಬೇಕಾದ ಕೊಂಡಿ ಇವತ್ತು ಸರ್ಕಾರದ ಕೈಯಲ್ಲಿಲ್ಲ. ಫೋನ್ ಹಿಡಿದು ನಿಂತ, ಕೈ ನಡುಗುತ್ತಿರುವ ನಮ್ಮ ನಿಮ್ಮಂಥವರ ಕೈಯಲ್ಲಿದೆ.

ಬಾವಿಕಟ್ಟೆಯ ಪಾಠ

ಬೇರೆ ಜಿಲ್ಲೆಯವರಿಗೆ ಇದು ಅಷ್ಟು ಅರ್ಥವಾಗಲಿಕ್ಕಿಲ್ಲ. ನಮ್ಮಲ್ಲಿ ಬಾವಿ ಇಲ್ಲದ ಮನೆ ಕಡಿಮೆ. ಮುರಕಲ್ಲು ಕಡಿದು ತೆಗೆದ ಆಳದ ಬಾವಿಗಳು. ನೀರು ಸೇದುವಾಗ ಜಾರಿದವರು, ಬಿದ್ದ ಕೊಡಪಾನ ತೆಗೆಯಲು ಬಗ್ಗಿದವರು, ಏಪ್ರಿಲ್ ಮೇ ತಿಂಗಳಲ್ಲಿ ಕೆಸರು ತೆಗೆಯಲು ಇಳಿದವರು: ಬಾವಿಗೆ ಬಿದ್ದ ಸುದ್ದಿ ಬರೆಯದ ವರ್ಷ ನಮ್ಮ ಬಳಗದ ಯಾರಿಗೂ ಇಲ್ಲ.

ಅಂಥ ಜಾಗಗಳಲ್ಲಿ ಮತ್ತೆ ಮತ್ತೆ ಕಾಣುವುದು ಒಂದೇ ಕಥೆ. ಯಾರೋ 101ಕ್ಕೆ ಫೋನ್ ಮಾಡುತ್ತಾರೆ. ಕೆಂಪು ಗಾಡಿ ಬರುತ್ತದೆ. ಹಗ್ಗ, ಬಲೆ, ಏಣಿ ಇಳಿಸುತ್ತಾರೆ. ಸಿಬ್ಬಂದಿಯೊಬ್ಬರು ಪ್ರಾಣ ಒತ್ತೆಯಿಟ್ಟು ಕೆಳಗಿಳಿಯುತ್ತಾರೆ, ಬಿದ್ದವರನ್ನು ಮೇಲಕ್ಕೆ ತರುತ್ತಾರೆ. ಆಗ ಗುಂಪಿನಲ್ಲಿ ಯಾರೋ ಕೇಳುತ್ತಾರೆ: "108ಕ್ಕೆ ಫೋನ್ ಮಾಡಿದ್ದು ಯಾರು?"

ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಾರೆ. ಅವರು ಮಾಡಿರಬಹುದು ಅಂತ ಇವರು, ಇವರು ಮಾಡಿರಬಹುದು ಅಂತ ಅವರು.

ಕಾಯಲು ಹೊತ್ತಿಲ್ಲ. ಪಕ್ಕದ ಮನೆಯ ಓಮ್ನಿಯೋ ರಿಕ್ಷಾವೋ ಬರುತ್ತದೆ. ಇಪ್ಪತ್ತು ಮೂವತ್ತು ಅಡಿ ಮೇಲಿನಿಂದ ಬಿದ್ದ ಮನುಷ್ಯನನ್ನು ಕೈಕಾಲು ಮಡಚಿ ಹಿಂದಿನ ಸೀಟಿಗೆ ತುರುಕುತ್ತಾರೆ. ಕುತ್ತಿಗೆಗೆ ಪಟ್ಟಿ ಇಲ್ಲ, ಬೆನ್ನಿನಡಿಗೆ ಹಲಗೆ ಇಲ್ಲ. ಮುರಿದ ಬೆನ್ನುಮೂಳೆ ಮಡಚಿಕೊಂಡರೆ ಒಳಗಿನ ಬೆನ್ನುಹುರಿಗೆ ಪೆಟ್ಟು ಬೀಳುತ್ತದೆ. ಬಾವಿಯಿಂದ ಬದುಕಿ ಬಂದವರು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಳ್ಳುವುದು ಹೀಗೂ ಆಗಬಹುದು. ಒಯ್ದವರ ತಪ್ಪಲ್ಲ ಅದು. ಅವರು ಪ್ರೀತಿಯಿಂದಲೇ ಒಯ್ದದ್ದು.

ಇನ್ನು ಉಲ್ಟಾ ಪ್ರಸಂಗ. ಲಾರಿಯಡಿಗೆ ನುಗ್ಗಿದ ಕಾರು. ಯಾರೋ 108 ಒತ್ತುತ್ತಾರೆ. ಬಿಳಿ ಗಾಡಿ ಬೇಗನೆ ಬರುತ್ತದೆ. ಅದರಲ್ಲಿ ಆಮ್ಲಜನಕ ಇದೆ, ಗಾಯಕ್ಕೆ ಕಟ್ಟಲು ಸಾಮಗ್ರಿ ಇದೆ, ಕೆಲಸ ಕಲಿತ ಇಎಂಟಿ ಇದ್ದಾರೆ. ಆದರೆ ಚಾಲಕನ ಕಾಲು ಡ್ಯಾಶ್‌ಬೋರ್ಡಿನಡಿ ಸಿಕ್ಕಿಕೊಂಡಿದೆ. ತಗಡು ಕತ್ತರಿಸುವ ಹೈಡ್ರಾಲಿಕ್ ಕಟರ್ ಇರುವುದು ಕೆಂಪು ಗಾಡಿಯಲ್ಲಿ. ಅದಕ್ಕೆ ಇನ್ನೂ ಯಾರೂ ಫೋನ್ ಮಾಡಿಲ್ಲ. ಜನ ಕಬ್ಬಿಣದ ರಾಡು, ಜೆಸಿಬಿ ಹುಡುಕುತ್ತಾರೆ.

ಒಬ್ಬರ ಬಳಿ ಹೊರತೆಗೆಯುವ ಸಾಧನ, ಇನ್ನೊಬ್ಬರ ಬಳಿ ಉಳಿಸಿಕೊಳ್ಳುವ ಸಾಧನ. ಎರಡೂ ನಮ್ಮ ತೆರಿಗೆ ಹಣದ್ದೇ. ಎರಡೂ ಒಂದೇ ಅಂಗಳಕ್ಕೆ ಒಂದೇ ಹೊತ್ತಿಗೆ ಬಂದರಷ್ಟೇ ಬೆಲೆ.

ನಿಮಿಷದ ಲೆಕ್ಕ

ಹೃದಯ ಬಡಿತ ನಿಂತರೆ ನಾಲ್ಕರಿಂದ ಆರು ನಿಮಿಷದಲ್ಲಿ ಮೆದುಳಿಗೆ ಹಾನಿ ಶುರುವಾಗುತ್ತದೆ. ಎದೆ ಒತ್ತುವ ಸಿಪಿಆರ್ ಆಗಲಿ, ಹೃದಯಕ್ಕೆ ಶಾಕ್ ಕೊಡುವ ಎಇಡಿ ಯಂತ್ರವಾಗಲಿ ಸಿಗದಿದ್ದರೆ ಪ್ರತಿ ನಿಮಿಷಕ್ಕೆ ಬದುಕುವ ಸಾಧ್ಯತೆ ಶೇ. 7ರಿಂದ 10ರಷ್ಟು ಇಳಿಯುತ್ತ ಹೋಗುತ್ತದೆ. ನೀರಿನಲ್ಲಿ ಮುಳುಗಿದವರಿಗೆ ಮೊದಲು ಬೇಕಾದದ್ದು ಉಸಿರು. ರಕ್ತ ಹರಿಯುತ್ತಿದ್ದರೆ ಅದನ್ನು ಒತ್ತಿ ಹಿಡಿಯುವ ಕೈ. ಇದ್ಯಾವುದಕ್ಕೂ ಡಾಕ್ಟರೇ ಬರಬೇಕೆಂದಿಲ್ಲ. ಕಲಿತ ಕೈ ಬೇಗ ಬಂದರೆ ಆಯಿತು.

ಈಗ ಜಿಲ್ಲೆಯ ಲೆಕ್ಕ ನೋಡಿ. 2011ರ ಜನಗಣತಿಯಂತೆ ಉಡುಪಿ ಜಿಲ್ಲೆಯಲ್ಲಿ 11.77 ಲಕ್ಷ ಜನ. ರಾಷ್ಟ್ರೀಯ ಆರೋಗ್ಯ ಅಭಿಯಾನದ ಮಾನದಂಡ ಲಕ್ಷ ಜನಕ್ಕೆ ಒಂದು ಸಾಮಾನ್ಯ ಆಂಬುಲೆನ್ಸ್, ಐದು ಲಕ್ಷಕ್ಕೆ ಒಂದು ಹೆಚ್ಚಿನ ಸೌಲಭ್ಯದ ಆಂಬುಲೆನ್ಸ್. ಅಂದರೆ ಇಡೀ ಜಿಲ್ಲೆಗೆ ಸುಮಾರು ಹನ್ನೆರಡು, ಅದರ ಮೇಲೆ ಎರಡೋ ಮೂರೋ. ಈ ಮಾನದಂಡ ಪೂರ್ತಿ ಪಾಲನೆಯಾದರೂ ಲೆಕ್ಕ ತಾಳೆಯಾಗುವುದಿಲ್ಲ. ಯಾಕೆಂದರೆ ಬಿಳಿ ಗಾಡಿ ಒಂದೇ ಕಡೆ ನಿಂತಿರುವುದಿಲ್ಲ. ಮಾಳದಿಂದ ಒಬ್ಬರನ್ನು ಮಣಿಪಾಲಕ್ಕೆ ಒಯ್ದು ವಾಪಸ್ ಬರುವಾಗ ನೂರು ಕಿ.ಮೀ. ಆಸುಪಾಸು ಓಟವಾಗುತ್ತದೆ. ಅಷ್ಟು ಹೊತ್ತು ಆ ಭಾಗದ ಮುಂದಿನ ಕರೆಗೆ ಗಾಡಿ ಬರಬೇಕಾದದ್ದು ಬೇರೆ ಕಡೆಯಿಂದ.

ಅದೇ ಹೊತ್ತಿನಲ್ಲಿ ಕಾರ್ಕಳದ ಅಗ್ನಿಶಾಮಕ ಠಾಣೆಯಲ್ಲಿ ಗಾಡಿ ಇರುತ್ತದೆ, ಹಗಲು ರಾತ್ರಿ ಪಾಳಿಯಲ್ಲಿ ಗಟ್ಟಿಮುಟ್ಟಾದ ಸಿಬ್ಬಂದಿ ಇರುತ್ತಾರೆ. ಯಾರೋ ಎದೆ ಹಿಡಿದುಕೊಂಡು ಕುಸಿದ ಜಾಗ ಠಾಣೆಯಿಂದ ಎರಡೇ ಕಿ.ಮೀ. ಇದ್ದರೂ ಆ ಸುದ್ದಿ ಅವರಿಗೆ ತಲುಪಬೇಕೆಂಬ ನಿಯಮವಿಲ್ಲ. ಬೆಂಕಿ ಇಲ್ಲವಲ್ಲ!

ಇದು ನಮ್ಮ ಪ್ರಕಾರ ದೊಡ್ಡ ದಂಡ. ಹತ್ತಿರದ ಕೈಯನ್ನು ಬಿಟ್ಟು ದೂರದ ಗಾಡಿಯನ್ನು ಕಾಯುವುದು.

ಬೋರ್ಡಿನಲ್ಲಿ ಬರೆದದ್ದೇನು?

ನಮ್ಮ ಅಗ್ನಿಶಾಮಕ ದಳಕ್ಕೆ 1964ರ ಕಾಯ್ದೆ ಇದೆ. ಈಗ ಇಲಾಖೆಯ ಹೆಸರು "ಅಗ್ನಿಶಾಮಕ ಮತ್ತು ತುರ್ತು ಸೇವೆಗಳು". ತುರ್ತು ಸೇವೆ ಎಂಬ ಮಾತನ್ನು ಬೋರ್ಡಿಗೆ ಸೇರಿಸಿದವರು ಅದನ್ನು ಕೆಲಸದ ಪಟ್ಟಿಗೂ ಪೂರ್ತಿಯಾಗಿ ಸೇರಿಸಬೇಕಲ್ಲ? ಈ ಇಲಾಖೆ ಗೃಹ ಇಲಾಖೆಯಡಿ ಬರುತ್ತದೆ. 108 ಆರೋಗ್ಯ ಕವಚ 2008ರಲ್ಲಿ ಶುರುವಾದದ್ದು ಆರೋಗ್ಯ ಇಲಾಖೆಯಡಿ, ಏಜೆನ್ಸಿಯೊಂದರ ಮೂಲಕ, ಬೆಂಗಳೂರಿನ ಕರೆ ಕೇಂದ್ರದಿಂದ. 2019ರಲ್ಲಿ ಬಂದ 112 ಪೊಲೀಸರದ್ದು. ಮೂರು ಕಾಲಕ್ಕೆ, ಮೂರು ಯಜಮಾನರ ಕೆಳಗೆ, ಮೂರು ನಂಬರ್.

"112 ಬಂತಲ್ಲ, ಅದರಲ್ಲೇ ಎಲ್ಲ ಸಿಗುತ್ತದಲ್ಲ" ಎಂದು ಅಧಿಕಾರಿಗಳು ಹೇಳುವುದುಂಟು. ದೇಶಕ್ಕೆಲ್ಲ ಒಂದೇ ತುರ್ತು ನಂಬರ್ ಎಂಬ ಆಶ್ವಾಸನೆ ಒಳ್ಳೆಯದೇ. ಆದರೆ ಕರೆಯನ್ನು ಇನ್ನೊಂದು ಕೇಂದ್ರಕ್ಕೆ ದಾಟಿಸುವುದು ಬೇರೆ, ಎರಡು ಗಾಡಿಗಳನ್ನು ಒಟ್ಟಿಗೆ ಹೊರಡಿಸುವುದು ಬೇರೆ. ಕರೆ ದಾಟಿದ ಮೇಲೆ ಮತ್ತೆ ಅದೇ ಪ್ರಶ್ನೆ: ಹೆಸರು ಏನು, ಊರು ಯಾವುದು, ಹತ್ತಿರ ಏನಿದೆ? ಒಮ್ಮೆ ಹೇಳಿದ್ದನ್ನು ಮತ್ತೆ ಮೊದಲಿನಿಂದ ಹೇಳುವಾಗ ಹೋಗುವುದು ಬಿದ್ದವರ ನಿಮಿಷ.

ಮತ್ತೆ ಆ ಊರಿನ ಹೆಸರೇ ಒಂದು ಕಥೆ. ಶಿರೂರು ಎಂದರೆ ಯಾವ ಶಿರೂರು? ಬೈಂದೂರು ತಾಲೂಕಿನಲ್ಲಿ ಟೋಲ್‌ಗೇಟ್ ಇರುವ ಶಿರೂರು ಒಂದು. ಹಿರಿಯಡ್ಕದ ಹತ್ತಿರ ಮೂಲಮಠ ಇರುವ ಶಿರೂರು ಇನ್ನೊಂದು. 2024ರ ಜುಲೈಯಲ್ಲಿ ಗುಡ್ಡ ಕುಸಿದ ಶಿರೂರು ಉತ್ತರ ಕನ್ನಡದ ಅಂಕೋಲಾದ್ದು. ಮಣಿಪಾಲ ಮತ್ತು ಮಣಿಪುರ ಎರಡೂ ಉಡುಪಿಯ ಆಚೀಚೆಯೇ ಇವೆ. ನಾವು ಜಾಗ ಹೇಳುವುದು ದೈವಸ್ಥಾನದ ದ್ವಾರ, ಭಜನಾ ಮಂದಿರ, ಗುತ್ತಿನ ಮನೆ, ಪದವು, ಬೈಲು ಎಂದು. ಗಾಬರಿಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ ಬಾಯಿಗೆ ಬರುತ್ತದೆ. ಬೆಂಗಳೂರಿನಲ್ಲಿ ಕೂತವರಿಗೆ ಇದು ಅರ್ಥವಾಗಬೇಕೆಂದು ಬಯಸುವುದು ಅವರಿಗೂ ಅನ್ಯಾಯ. ಆದರೆ ಕಾರ್ಕಳ ಠಾಣೆಯ ಸಿಬ್ಬಂದಿಗೆ ಈದು, ನೂರಾಳ್‌ಬೆಟ್ಟು, ಅಜೆಕಾರು ದಾರಿ ಗೊತ್ತು. ಆ ತಿಳಿವಳಿಕೆ 108ರ ಚಾಲಕನ ಕಿವಿಗೆ ಹೋಗುವ ದಾರಿಯೊಂದೇ ಇಲ್ಲದಿರುವುದು.

2022ರ ಸೆಪ್ಟೆಂಬರ್ ಕೊನೆಯಲ್ಲಿ ತಾಂತ್ರಿಕ ದೋಷದಿಂದ 108ರ ಕರೆ ವ್ಯವಸ್ಥೆ ರಾಜ್ಯದುದ್ದಕ್ಕೂ ಏರುಪೇರಾಯಿತು. ಎಲ್ಲ ಎಳೆಗಳನ್ನೂ ಒಂದೇ ಗೂಟಕ್ಕೆ ಕಟ್ಟಿದರೆ ಗೂಟ ಕಿತ್ತಾಗ ಏನಾಗುತ್ತದೆ ಎಂದು ಅವತ್ತೇ ಗೊತ್ತಾಗಬೇಕಿತ್ತು. ಜಿಲ್ಲೆಯೊಳಗೆ ಕೆಂಪು ಗಾಡಿ ಮತ್ತು ಬಿಳಿ ಗಾಡಿ ನೇರವಾಗಿ ಮಾತಾಡಿಕೊಳ್ಳುವ ದಾರಿ ಇರಲೇಬೇಕು.

ಕಾಪು: ಒಂದು ಕಡೆ ಹೆದ್ದಾರಿ, ಒಂದು ಕಡೆ ಕಡಲು

ಕಾಪು ತಾಲೂಕಾದದ್ದು 2018ರಲ್ಲಿ. ಈ ತಾಲೂಕಿನ ಉದ್ದಕ್ಕೂ ರಾಷ್ಟ್ರೀಯ ಹೆದ್ದಾರಿ 66 ಓಡುತ್ತದೆ: ಕಟಪಾಡಿ, ಕಾಪು, ಉಚ್ಚಿಲ, ಪಡುಬಿದ್ರಿ, ಹೆಜಮಾಡಿ. ಇನ್ನೊಂದು ಬದಿಗೆ ಕಡಲು. ಹೆದ್ದಾರಿಯಲ್ಲಿ ಅಪಘಾತವಾದರೆ ಟೋಲ್‌ನವರ ಆಂಬುಲೆನ್ಸ್ ಬರಬಹುದು, 108 ಬರಬಹುದು, ಖಾಸಗಿ ಆಂಬುಲೆನ್ಸ್ ಬರಬಹುದು, ಸಂಘದವರ ಗಾಡಿ ಬರಬಹುದು. ಕೆಲವೊಮ್ಮೆ ಮೂರು ಗಾಡಿ ಬಂದು ನಿಂತಿರುತ್ತವೆ, ಕಟರ್ ಮಾತ್ರ ಇಲ್ಲ. ಕೆಲವೊಮ್ಮೆ ಎಲ್ಲರೂ ಇನ್ನೊಬ್ಬರು ಹೊರಟಿದ್ದಾರೆ ಎಂದು ನಂಬಿ ಯಾರೂ ಹೊರಟಿರುವುದಿಲ್ಲ.

ಕೂಡಿ ಕೆಲಸ ಮಾಡಲು ನಮ್ಮವರಿಗೆ ಬರುವುದಿಲ್ಲವೆಂದಲ್ಲ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತದ ಹೊತ್ತಿನಲ್ಲಿ ಕೋರಮಂಡಲ್ ಸಪೋರ್ಟರ್ ಎಂಬ ಟಗ್ ದೋಣಿ ಕಾಪು ಕಡಲಿನಲ್ಲಿ ಬಂಡೆಗೆ ಸಿಕ್ಕಿಕೊಂಡಿತು. ಒಳಗೆ ಒಂಬತ್ತು ಮಂದಿ. ಕರಾವಳಿ ರಕ್ಷಣಾ ಪಡೆಯ ದೋಣಿಯೂ ನೌಕಾಪಡೆಯ ಹೆಲಿಕಾಪ್ಟರೂ ಸೇರಿ ಒಂಬತ್ತು ಮಂದಿಯನ್ನೂ ಉಳಿಸಿದವು. ಎರಡು ಬೇರೆ ಪಡೆಗಳೇ ಇರಲಿ, ಅವತ್ತು ಕೈ ಜೋಡಿಸಿದ್ದಕ್ಕೆ ಜೀವ ಉಳಿಯಿತು. ಚಂಡಮಾರುತಕ್ಕೆ ಸಾಧ್ಯವಾದದ್ದು ಉಚ್ಚಿಲದ ಜಂಕ್ಷನ್ನಿನ ಅಪಘಾತಕ್ಕೆ ಯಾಕೆ ಸಾಧ್ಯವಾಗಬಾರದು? ಕ್ಯಾಮೆರಾ ಇಲ್ಲದ ಸಾವು ಸಾವಲ್ಲವೇ?

ಹೊಂದಾಣಿಕೆ ಎಂದರೆ ಬರೀ ಇಬ್ಬರ ನಡುವಿನ ಮಾತಲ್ಲ. 2022ರ ಜುಲೈ 20ರಂದು ಬೈಂದೂರಿನ ಶಿರೂರು ಟೋಲ್‌ಗೇಟಿನಲ್ಲಿ ರೋಗಿಯನ್ನು ಕರೆತರುತ್ತಿದ್ದ ಖಾಸಗಿ ಆಂಬುಲೆನ್ಸ್ ಮಳೆನೀರಿನ ರಸ್ತೆಯಲ್ಲಿ ಜಾರಿ ಪಲ್ಟಿಯಾಯಿತು. ನಾಲ್ವರು ಸತ್ತರು. ಕೊನೇ ಗಳಿಗೆಯಲ್ಲಿ ಸಿಬ್ಬಂದಿ ಓಡಿ ಬಂದು ಅಡ್ಡ ಇಟ್ಟ ಬ್ಯಾರಿಕೇಡ್ ಎಳೆಯುವ ಸಿಸಿಟಿವಿ ದೃಶ್ಯವನ್ನು ರಾಜ್ಯವೇ ಫೋನಿನಲ್ಲಿ ನೋಡಿತು. ನೋಡಿ ಮರುಗಿತು, ಹಂಚಿತು, ಮರೆಯಿತು. ನಾವು ಕೇಳುವುದು ಇಷ್ಟೇ: ತುರ್ತು ಗಾಡಿಯೊಂದು ಬರುತ್ತಿದೆ ಎಂಬ ಮಾತು ಐದು ನಿಮಿಷ ಮೊದಲೇ ಗೇಟಿಗೆ ತಲುಪುವ ಏರ್ಪಾಡು, ಸರ್ಕಾರಿ ಖಾಸಗಿ ಎನ್ನದೆ ಎಲ್ಲ ಆಂಬುಲೆನ್ಸಿಗೂ, ಇರಬೇಕಲ್ಲವೇ?

ಕಾರ್ಕಳ: ಘಾಟಿಯ ಬುಡ

2020ರ ಫೆಬ್ರವರಿ 15ರ ಸಂಜೆ ಮೈಸೂರಿನಿಂದ ಬಂದ ಪ್ರವಾಸಿ ಬಸ್ಸು ಮಾಳದ ಮುಳ್ಳೂರು ಬಳಿ ರಸ್ತೆ ಬದಿಯ ಬಂಡೆಗೆ ಉಜ್ಜಿಕೊಂಡು ಒಂಬತ್ತು ಮಂದಿ ಸತ್ತರು. ಗಾಯಾಳುಗಳನ್ನು ಕಾರ್ಕಳಕ್ಕೆ, ಮಣಿಪಾಲಕ್ಕೆ ಸಾಗಿಸಬೇಕಾಯಿತು. ಅಂಥ ದುರಂತದಲ್ಲಿ ಮೊದಲು ತೀರ್ಮಾನವಾಗಬೇಕಾದ್ದು ಯಾರನ್ನು ಮೊದಲು ಕಳುಹಿಸುವುದು, ಯಾರು ಸ್ವಲ್ಪ ಕಾಯಬಹುದು, ಯಾರನ್ನು ಕಾರ್ಕಳದಲ್ಲೇ ನೋಡಬಹುದು, ಯಾರನ್ನು ನೇರ ಮಣಿಪಾಲಕ್ಕೆ ಒಯ್ಯಬೇಕು ಎಂಬುದು. ಜೋರಾಗಿ ಕೂಗುವವರನ್ನು ಜನ ಮೊದಲು ಎತ್ತುತ್ತಾರೆ. ಸದ್ದಿಲ್ಲದೆ ಬಿದ್ದವರೇ ಹೆಚ್ಚು ಅಪಾಯದಲ್ಲಿರುತ್ತಾರೆ. ಈ ವಿಂಗಡಣೆ ಮಾಡುವವರು ಒಬ್ಬರಿರಬೇಕು, ಅವರ ಮಾತನ್ನು ಕೆಂಪು ಗಾಡಿಯವರೂ ಬಿಳಿ ಗಾಡಿಯವರೂ ಪೊಲೀಸರೂ ಕೇಳಬೇಕು. ಯಾರ ಮಾತು ಯಾರು ಕೇಳಬೇಕು ಎಂಬುದು ಅಪಘಾತದ ಜಾಗದಲ್ಲಿ ಚರ್ಚಿಸುವ ವಿಷಯವಲ್ಲ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗಾಗುತ್ತದೆ ಅದು. ಮೊದಲೇ ಒಟ್ಟಿಗೆ ಅಭ್ಯಾಸ ಮಾಡಿದವರಿಗೆ ಮಾತ್ರ ಸಾಧ್ಯ.

"ಮಣಿಪಾಲ ಇದೆಯಲ್ಲ?"

ಈ ವಿಷಯ ಎತ್ತಿದಾಗಲೆಲ್ಲ ಬರುವ ಮೊದಲ ಉತ್ತರ ಇದು. ಹೌದು, ಇದೆ. 1953ರಲ್ಲಿ ವೈದ್ಯಕೀಯ ಕಾಲೇಜು ಶುರುವಾದ ಊರು ಅದು. ನಾಲ್ಕೈದು ಜಿಲ್ಲೆಯ ಜನ ಚಿಕಿತ್ಸೆಗೆ ಬರುತ್ತಾರೆ. ನಮಗೆ ಹೆಮ್ಮೆಯೇ. ಆದರೆ ದೊಡ್ಡ ಆಸ್ಪತ್ರೆ ಕೆಲಸ ಶುರು ಮಾಡುವುದು ರೋಗಿ ಅದರ ಬಾಗಿಲಿಗೆ ಬಂದ ಮೇಲೆ. ನಾವು ಮಾತಾಡುತ್ತಿರುವುದು ನಿಮ್ಮ ಅಂಗಳದಿಂದ ಆ ಬಾಗಿಲಿನವರೆಗಿನ ದಾರಿಯ ಬಗ್ಗೆ. ಶಿರ್ವದ ಅಂಗಳದಲ್ಲಿ ಉಸಿರು ನಿಂತವರಿಗೆ ಮಣಿಪಾಲದ ವೆಂಟಿಲೇಟರ್ ಏನು ಮಾಡೀತು?

ಎರಡನೇ ಉತ್ತರ: "ನಮ್ಮಲ್ಲಿ ಸಮಾಜಸೇವಕರು ಬೇಕಾದಷ್ಟಿದ್ದಾರೆ." ಇದ್ದಾರೆ. ಮಲ್ಪೆಯ ಈಶ್ವರ್ ಅವರಂಥ ಮುಳುಗು ತಜ್ಞರು ಅಂಕೋಲಾದ ಶಿರೂರಿನ ಗಂಗಾವಳಿ ಹೊಳೆಗೂ ಇಳಿದು ಹುಡುಕಿದವರು. ಇಂಥವರಿಗೆ ಕೈಮುಗಿಯೋಣ. ಆದರೆ ಒಬ್ಬರ ಧೈರ್ಯವನ್ನು ಇಲಾಖೆಯ ಯೋಜನೆ ಎಂದು ಕರೆಯುವುದು ಬೇಡ. ಅವರು ಊರಲ್ಲಿಲ್ಲದ ದಿನವೂ ಜನ ಮುಳುಗುತ್ತಾರೆ.

ಮೂರನೆಯದು: "ಅಗ್ನಿಶಾಮಕದವರ ಕೆಲಸ ಬೆಂಕಿ ಆರಿಸುವುದು. ಅವರು ಆಂಬುಲೆನ್ಸಿನ ಹಿಂದೆ ಓಡಿದರೆ ಬೆಂಕಿ ಬಿದ್ದಾಗ ಯಾರು?" ಈ ಪ್ರಶ್ನೆಯಲ್ಲಿ ಹುರುಳಿದೆ, ಹಾಗಾಗಿ ಸರಿಯಾಗಿ ಉತ್ತರಿಸಬೇಕು. ಜ್ವರಕ್ಕೆ, ಹೊಟ್ಟೆನೋವಿಗೆ, ಹೆರಿಗೆಗೆ ಕೆಂಪು ಗಾಡಿ ಬರಲಿ ಎಂದು ನಾವು ಹೇಳುತ್ತಿಲ್ಲ. ಉಸಿರು ನಿಂತವರು, ನೀರಿಗೆ ಬಿದ್ದವರು, ಎತ್ತರದಿಂದ ಬಿದ್ದವರು, ವಾಹನದಲ್ಲಿ ಸಿಕ್ಕಿಕೊಂಡವರು, ಕರೆಂಟ್ ಹೊಡೆದವರು: ಈ ಐದು ಬಗೆಯ ಕರೆ ಸಾಕು. ಇದರಲ್ಲಿ ಹೆಚ್ಚಿನವಕ್ಕೆ ಅವರು ಈಗಲೂ ಹೋಗುತ್ತಾರೆ, ತಡವಾಗಿ. ಬೇಗ ಹೋಗಲಿ, ಕಲಿತು ಹೋಗಲಿ ಎಂಬುದಷ್ಟೇ ಬೇಡಿಕೆ. ನೀರಿನ ದೊಡ್ಡ ಗಾಡಿ ಬೇಡ ಎಂದಾದರೆ ಬೈಕ್ ಸಾಕು, ಜೀಪ್ ಸಾಕು.

ಜಪಾನಿನಲ್ಲಿ 119 ಎಂಬ ಒಂದೇ ನಂಬರಿಗೆ ಬೆಂಕಿಯ ಗಾಡಿಯೂ ಆಂಬುಲೆನ್ಸೂ ಒಂದೇ ಇಲಾಖೆಯಿಂದ ಹೊರಡುತ್ತವೆ. ರೋಗಿಯ ಸ್ಥಿತಿ ಗಂಭೀರವಾಗಿದ್ದು ಆಂಬುಲೆನ್ಸ್ ದೂರವಿದ್ದರೆ ಹತ್ತಿರದ ಬೆಂಕಿಯ ಗಾಡಿಯನ್ನು ಮೊದಲು ಕಳುಹಿಸುವ ಪದ್ಧತಿ ಟೋಕಿಯೋದಲ್ಲಿದೆ. ಅಮೆರಿಕದ ಅಗ್ನಿಶಾಮಕ ಠಾಣೆಗಳಿಗೆ ಬರುವ ಕರೆಗಳಲ್ಲಿ ಬಹುಪಾಲು ಬೆಂಕಿಯವಲ್ಲ, ವೈದ್ಯಕೀಯದವು. ಅಷ್ಟು ದೂರ ಬೇಡವೆಂದರೆ ತಲಪಾಡಿ ದಾಟಿ ನೋಡಿ. ಕೇರಳದ ಅಗ್ನಿಶಾಮಕ ಮತ್ತು ರಕ್ಷಣಾ ಇಲಾಖೆ ತನ್ನದೇ ಆಂಬುಲೆನ್ಸ್ ಓಡಿಸುತ್ತದೆ, ಒಂದೊಂದು ಠಾಣೆಗೂ ಊರಿನ ಸ್ವಯಂಸೇವಕರನ್ನು ತರಬೇತಿ ಕೊಟ್ಟು ಜೋಡಿಸಿಕೊಂಡಿದೆ. ಕಾಸರಗೋಡಿನ ನಮ್ಮ ನೆಂಟರಿಗೆ ಇರುವುದು ನಮಗೆ ಯಾಕಿಲ್ಲ?

ಕೊನೆಯದು ಹಣ. ಹಣವಿಲ್ಲದೆಯೂ ಕೊಂಡಿ ಹಾಕಬಹುದು ಎಂಬುದಕ್ಕೆ ನಮ್ಮ ಕರಾವಳಿಯಲ್ಲೇ ಸಾಕ್ಷಿ ಇದೆ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಕೊಡಿಸಿ, ಅಲ್ಲಿನ ವೈದ್ಯರನ್ನು ವಾಟ್ಸ್‌ಆ್ಯಪ್ ಗುಂಪಿನಲ್ಲಿ ತಜ್ಞರಿಗೆ ಜೋಡಿಸಿದರು. ಎದೆನೋವಿನ ರೋಗಿಯ ಇಸಿಜಿ ಫೋಟೋ ಹೋದರೆ ಸಲಹೆ ವಾಪಸ್ ಬರುತ್ತದೆ. ಒಬ್ಬ ವೈದ್ಯರು ಫೋನಿನಲ್ಲಿ ಮಾಡಿದ್ದನ್ನು ಎರಡು ಇಲಾಖೆಗಳು ವೈರ್‌ಲೆಸ್, ಕಂಪ್ಯೂಟರ್, ಜಿಪಿಎಸ್ ಇಟ್ಟುಕೊಂಡು ಮಾಡಲಾಗದು ಎಂದರೆ ನಂಬುವುದು ಹೇಗೆ?

ನಾವು ಕೇಳುವುದು

ಒಂದು: ಮೇಲಿನ ಐದು ಬಗೆಯ ಕರೆ 108, 101, 112 ಯಾವುದಕ್ಕೆ ಬಂದರೂ ಎರಡೂ ಗಾಡಿ ಹೊರಡಬೇಕು. ಇನ್ನೊಂದು ನಂಬರಿಗೆ ಫೋನ್ ಮಾಡಿ ಎಂದು ಕರೆ ಮಾಡಿದವರಿಗೆ ಹೇಳುವಂತಿಲ್ಲ. ಕರೆ ಸ್ವೀಕರಿಸಿದವರೇ ಇನ್ನೊಬ್ಬರನ್ನು ಅದೇ ಕರೆಗೆ ಸೇರಿಸಬೇಕು.

ಎರಡು: ಉಡುಪಿ, ಕಾರ್ಕಳ, ಕುಂದಾಪುರ ಸೇರಿ ಜಿಲ್ಲೆಯ ಪ್ರತಿ ಅಗ್ನಿಶಾಮಕ ಸಿಬ್ಬಂದಿಗೆ ಸಿಪಿಆರ್, ರಕ್ತ ತಡೆಯುವುದು, ಬೆನ್ನುಮೂಳೆ ಕಾಪಾಡುವ ತರಬೇತಿ ವರ್ಷಕ್ಕೊಮ್ಮೆ ಹೊಸದಾಗಿ ಆಗಬೇಕು. ಕಲಿಸುವವರು ಮಣಿಪಾಲದಲ್ಲೇ ಇದ್ದಾರೆ. ಬೆಂಗಳೂರಿನ ಅಗ್ನಿಶಾಮಕ ಅಕಾಡೆಮಿಗೆ ಆರ್.ಎ. ಮುಂಡ್ಕೂರ್ ಅವರ ಹೆಸರಿಟ್ಟಿದ್ದಾರೆ. ಮುಂಡ್ಕೂರು ಎಂಬ ಹೆಸರು ಕಾರ್ಕಳದವರಿಗೆ ಹೊಸತಲ್ಲ. ಆ ಹೆಸರಿನ ಮರ್ಯಾದೆಗಾದರೂ ಈ ತರಬೇತಿ ನಮ್ಮ ಜಿಲ್ಲೆಯಿಂದಲೇ ಶುರುವಾಗಲಿ.

ಮೂರು: ಪ್ರತಿ ಕೆಂಪು ಗಾಡಿಯಲ್ಲಿ ಒಂದು ಎಇಡಿ, ಆಮ್ಲಜನಕದ ಸಿಲಿಂಡರ್, ಕುತ್ತಿಗೆ ಪಟ್ಟಿ, ಬೆನ್ನುಹಲಗೆ.

ನಾಲ್ಕು: ವರ್ಷಕ್ಕೆ ನಾಲ್ಕು ಸಲ ಜಂಟಿ ಅಣಕು ಕಾರ್ಯಾಚರಣೆ. ಏಪ್ರಿಲ್ 14ರಿಂದ ಅಗ್ನಿಶಾಮಕ ಸಪ್ತಾಹ ಇದ್ದೇ ಇದೆ. ಶಾಲೆಯ ಮೈದಾನದಲ್ಲಿ ಬೆಂಕಿ ಹಚ್ಚಿ ಆರಿಸಿ ಫೋಟೋ ತೆಗೆದರೆ ಸಾಲದು. ಒಂದು ಬಾವಿಕಟ್ಟೆಯಲ್ಲಿ, ಒಂದು ಹೆದ್ದಾರಿಯಲ್ಲಿ, ಒಂದು ಕಾಪು ಕಡಲ ತೀರದಲ್ಲಿ, ಒಂದು ಮಾಳದ ತಿರುವಿನಲ್ಲಿ ಆಗಲಿ.

ಐದು: ಕರೆ ಬಂದದ್ದು ಎಷ್ಟು ಗಂಟೆಗೆ, ಗಾಡಿ ಹೊರಟದ್ದು ಎಷ್ಟಕ್ಕೆ, ತಲುಪಿದ್ದು ಎಷ್ಟಕ್ಕೆ ಎಂಬ ಲೆಕ್ಕವನ್ನು ತಾಲೂಕುವಾರು ತಿಂಗಳಿಗೊಮ್ಮೆ ಪ್ರಕಟಿಸಬೇಕು. ಹೆಸರು, ವಿಳಾಸ ಬೇಡ. ನಿಮಿಷ ಸಾಕು.

ಆರು: ಈ ಎರಡೂ ಗಾಡಿಯಲ್ಲಿ ದುಡಿಯುವವರ ಹೊಟ್ಟೆ ತಣ್ಣಗಿರಬೇಕು. 108ರ ಸಿಬ್ಬಂದಿ ಸಂಬಳಕ್ಕಾಗಿ ಮುಷ್ಕರಕ್ಕಿಳಿಯುವ ಸ್ಥಿತಿಯನ್ನು ಈ ರಾಜ್ಯ ಕಂಡಿದೆ. ತಿಂಗಳ ಸಂಬಳ ಸರಿಯಾಗಿ ಬಾರದವರಿಂದ ನಿಮಿಷದ ಲೆಕ್ಕ ಕೇಳುವ ಮುಖ ಯಾರಿಗೂ ಇಲ್ಲ. ನಮ್ಮ ಸಿಟ್ಟು ಅವರ ಮೇಲೆ ಅಲ್ಲವೇ ಅಲ್ಲ.

ಇದನ್ನೆಲ್ಲ ಮಾಡಬೇಕಾದವರು ಯಾರು ಎಂದು ಹುಡುಕಬೇಕಿಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆಯಂತೆ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಎಸ್ಪಿ ಇದ್ದಾರೆ, ಜಿಲ್ಲೆಯ ಮುಖ್ಯ ವೈದ್ಯಾಧಿಕಾರಿ ಇದ್ದಾರೆ. ಬೆಂಗಳೂರಿನಲ್ಲಿ ಎರಡು ಇಲಾಖೆಗಳು ಒಂದಾಗುವವರೆಗೆ ಕಾಯುವುದು ಬೇಡ. ಮಣಿಪಾಲದ ರಜತಾದ್ರಿಯ ಜಿಲ್ಲಾಧಿಕಾರಿ ಕಚೇರಿಯ ಒಂದೇ ಮೇಜಿನ ಸುತ್ತ ಎಲ್ಲರೂ ಕೂರಬಹುದು. ಅಗ್ನಿಶಾಮಕ ಅಧಿಕಾರಿಯನ್ನೂ 108ರ ಜಿಲ್ಲಾ ಮೇಲ್ವಿಚಾರಕರನ್ನೂ ಕರೆದು ಒಂದು ಆದೇಶ ಬರೆಯಲು ಒಂದು ಮಧ್ಯಾಹ್ನ ಸಾಕು.

ಅಲ್ಲಿಯವರೆಗೆ ನೀವು

ಎಲ್ಲಾದರೂ ಅನಾಹುತ ಕಂಡರೆ ಇಬ್ಬರು ಫೋನ್ ತೆಗೆಯಿರಿ. ಒಬ್ಬರು 108, ಇನ್ನೊಬ್ಬರು 112 ಅಥವಾ 101. "ನೀನು ಅದಕ್ಕೆ, ನಾನು ಇದಕ್ಕೆ" ಎಂದು ಬಾಯಿಬಿಟ್ಟು ಹೇಳಿ. ಊರು, ಗ್ರಾಮ ಪಂಚಾಯತ್, ತಾಲೂಕು ಮೂರೂ ಹೇಳಿ. ಮುಖ್ಯರಸ್ತೆಯ ತಿರುವಿನಲ್ಲಿ ಒಬ್ಬರನ್ನು ನಿಲ್ಲಿಸಿ, ರಾತ್ರಿಯಾದರೆ ಟಾರ್ಚ್ ಕೊಟ್ಟು.

ಬಾವಿಯೊಳಗೆ ಒಬ್ಬರು ಎಚ್ಚರ ತಪ್ಪಿದ್ದರೆ ಅವರ ಹಿಂದೆ ಇಳಿಯಬೇಡಿ. ಕೆಳಗೆ ಆಮ್ಲಜನಕ ಇಲ್ಲದಿದ್ದರೆ ಇಳಿದವರೂ ಅಲ್ಲೇ ಕುಸಿಯುತ್ತಾರೆ. ಕರೆಂಟ್ ಹೊಡೆದವರನ್ನು ಮುಟ್ಟುವ ಮೊದಲು ಮೈನ್ ಸ್ವಿಚ್ ಆಫ್ ಮಾಡಿ. ಹೊರಗಿನ ತಂತಿಯಾದರೆ ದೂರ ನಿಂತು 1912ಕ್ಕೆ ತಿಳಿಸಿ. ಎಚ್ಚರವೂ ಸರಿಯಾದ ಉಸಿರೂ ಇಲ್ಲದವರ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ, ಐದು ಸೆಂಟಿಮೀಟರಿನಷ್ಟು ಆಳಕ್ಕೆ ಒತ್ತಿ. ಗಾಡಿ ಬರುವವರೆಗೆ ನಿಲ್ಲಿಸಬೇಡಿ.

ಕೇಸು, ಕೋರ್ಟು ಎಂದು ಹೆದರಬೇಡಿ. ಅಪಘಾತದಲ್ಲಿ ನೆರವಾದವರನ್ನು ಕಾಡಬಾರದೆಂದು ಮೋಟಾರು ವಾಹನ ಕಾಯ್ದೆಯ 134ಎ ಸೆಕ್ಷನ್ ಹೇಳುತ್ತದೆ. ನಿಮ್ಮ ಹೆಸರು ಹೇಳಲೇಬೇಕೆಂದು ಒತ್ತಾಯಿಸುವಂತಿಲ್ಲ.

ಮತ್ತೆ ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಒಂದೇ ಪ್ರಶ್ನೆ ಕೇಳಿ: "ನಮ್ಮ ಗ್ರಾಮದಿಂದ ಹೋದ ತುರ್ತು ಕರೆಗಳಿಗೆ ಕಳೆದ ವರ್ಷ ಕೆಂಪು ಗಾಡಿ ಎಷ್ಟು ನಿಮಿಷಕ್ಕೆ ಬಂತು, ಬಿಳಿ ಗಾಡಿ ಎಷ್ಟು ನಿಮಿಷಕ್ಕೆ ಬಂತು, ಎರಡೂ ಒಟ್ಟಿಗೆ ಬಂದದ್ದು ಎಷ್ಟು ಸಲ?" ಉತ್ತರ ಇಲ್ಲ ಎಂದರೆ, ಉತ್ತರ ಇಲ್ಲ ಎಂದೇ ನಡಾವಳಿ ಪುಸ್ತಕದಲ್ಲಿ ಬರೆಸಿ. ಅದರ ಫೋಟೋ ನಮಗೆ ಕಳುಹಿಸಿ. ಒಂದೊಂದೇ ಪಂಚಾಯತಿನದ್ದನ್ನು ಇಲ್ಲಿ ಹಾಕುತ್ತ ಹೋಗುತ್ತೇವೆ, ಉತ್ತರ ಬರುವವರೆಗೆ.